ಥಡ್ಡಿಯಸ್ ಸ್ಟೀವನ್ಸ್ ಬದುಕನ್ನು ವಕೀಲರು ಹೇಗೆ ಓದಬೇಕು

ನನ್ನ ಆಫೀಸಿಗೆ ಬರುವ ಜೂನಿಯರ್‌ಗಳಿಗೆ ಥಡ್ಡಿಯಸ್ ಸ್ಟೀವನ್ಸ್ ಬಗ್ಗೆ ಓದಿ ಅಂತ ಹೇಳುತ್ತಿರುತ್ತೇನೆ. ಪೆನ್ಸಿಲ್ವೇನಿಯಾದ ವಕೀಲ, ಅಮೆರಿಕದ ಸಂಸತ್ತಿನಲ್ಲಿ ಗುಲಾಮಗಿರಿಯ ಕಡು ವಿರೋಧಿ. ಹೇಗೆ ಓದಬೇಕು ಅಂತ ಕೇಳುವವರಿಗೆ ಇದು.

ಹುಟ್ಟಿದ್ದು 1792ರಲ್ಲಿ, ವರ್ಮಾಂಟ್‌ನ ಡ್ಯಾನ್‌ವಿಲ್‌ನಲ್ಲಿ. ತೀರಿಕೊಂಡಿದ್ದು 1868ರಲ್ಲಿ, ವಾಷಿಂಗ್ಟನ್‌ನಲ್ಲಿ. ಇಷ್ಟು ಸಾಕು. ಈಗ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ಕೋರ್ಟಿನ ಕೆಲಸ, ಬಲಗಡೆ ಸದನದ ಕೆಲಸ.

ಎಡಗಡೆ ಮೊದಲು 1821 ಬರೆಯಿರಿ. ಅಭಿಮಾನಿಗಳು ದಾಟಿಕೊಂಡು ಹೋಗುವ ಕೇಸು ಇದು. ಚಾರಿಟಿ ಬಟ್ಲರ್ ಎಂಬ ಕಪ್ಪು ಜನಾಂಗದ ಮಹಿಳೆ ಗುಲಾಮಗಿರಿಯಿಂದ ಬಿಡುಗಡೆ ಕೇಳಿದ್ದರು. ತನ್ನನ್ನು ಪೆನ್ಸಿಲ್ವೇನಿಯಾಕ್ಕೆ ಕರೆತಂದು ಒಟ್ಟು ಆರು ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡಿದ್ದರು, ಹಾಗಾಗಿ ಅಲ್ಲಿನ ಕಾಯ್ದೆ ಪ್ರಕಾರ ತಾನು ಸ್ವತಂತ್ರಳು ಎಂಬುದು ಅವರ ವಾದ. ಸ್ಟೀವನ್ಸ್ ನಿಂತದ್ದು ಮಾಲೀಕರ ಪರ. ಬಿಡಿ ಬಿಡಿ ದಿನಗಳನ್ನು ಕೂಡಿಸುವಂತಿಲ್ಲ, ಆರು ತಿಂಗಳು ಸತತವಾಗಿರಬೇಕು ಎಂದಿತು ಕೋರ್ಟು. ಚಾರಿಟಿ ಸೋತರು. ಈ ಸಾಲನ್ನು ದಯವಿಟ್ಟು ಬಿಡಬೇಡಿ.

ಅದರ ಕೆಳಗೆ 1851. ಪೆನ್ಸಿಲ್ವೇನಿಯಾದ ಕ್ರಿಸ್ಟಿಯಾನಾ ಊರಿನಲ್ಲಿ ಓಡಿಬಂದ ಗುಲಾಮರನ್ನು ಹಿಡಿಯಲು ಬಂದ ಮಾಲೀಕ ಸತ್ತ. ಹಿಡಿಯಲು ನೆರವಾಗದ ಕ್ಯಾಸ್ಟ್ನರ್ ಹ್ಯಾನ್‌ವೇ ಮೇಲೆ ದೇಶದ್ರೋಹದ ಕೇಸು ಬಿತ್ತು. ಅವರ ಪರ ವಕೀಲರಲ್ಲಿ ಸ್ಟೀವನ್ಸ್ ಒಬ್ಬರು. ಹ್ಯಾನ್‌ವೇ ಖುಲಾಸೆಯಾದರು.

ಬಲಗಡೆ 1835: ಉಚಿತ ಶಾಲೆಗಳ ಕಾಯ್ದೆಯನ್ನು ರದ್ದು ಮಾಡಲು ಹೊರಟಿದ್ದ ರಾಜ್ಯ ಶಾಸನಸಭೆಯಲ್ಲಿ ಅದನ್ನು ಉಳಿಸಿದ ಭಾಷಣ. 1838: ಕಪ್ಪು ಜನರ ಮತದ ಹಕ್ಕು ಕಿತ್ತುಕೊಂಡ ರಾಜ್ಯ ಸಂವಿಧಾನಕ್ಕೆ ಸಹಿ ಹಾಕಲು ನಿರಾಕರಣೆ.

ಆಮೇಲೆ 1866ರ ಜೂನ್ 13. ಇಲ್ಲಿ ನಿಧಾನ ಮಾಡಿ. ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ಕಾಂಗ್ರೆಷನಲ್ ಗ್ಲೋಬ್, ಅಂದರೆ ಕಾಂಗ್ರೆಸ್ ಎಂಬ ಅಮೆರಿಕದ ಸಂಸತ್ತಿನ ಅಂದಿನ ಚರ್ಚೆಗಳ ದಾಖಲೆ, ಉಚಿತವಾಗಿ ಸಿಗುತ್ತದೆ. 39ನೇ ಕಾಂಗ್ರೆಸ್, ಮೊದಲ ಅಧಿವೇಶನ ತೆಗೆದು ಆ ದಿನಕ್ಕೆ ಹೋಗಿ. ಅವತ್ತು ಸದನ ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯನ್ನು ಅಂಗೀಕರಿಸಿತು. ಅದು ಕಪ್ಪು ಜನರಿಗೆ ಮತದಾನದ ಹಕ್ಕನ್ನು ನೇರವಾಗಿ ಕೊಡಲಿಲ್ಲ. ತಾನು ಕಂಡ ಕನಸು ಇದಕ್ಕಿಂತ ದೊಡ್ಡದಿತ್ತು ಎಂದು ಸ್ಟೀವನ್ಸ್ ಎಲ್ಲರೆದುರು ಹೇಳುತ್ತಾರೆ. ಮತ್ತೆ ಯಾಕೆ ಒಪ್ಪಿದಿರಿ ಅಂದರೆ, ನಾನಿರುವುದು ಮನುಷ್ಯರ ನಡುವೆ, ದೇವತೆಗಳ ನಡುವೆ ಅಲ್ಲ ಎನ್ನುತ್ತಾರೆ. ಆ ಭಾಷಣವನ್ನು ಗಟ್ಟಿಯಾಗಿ ಓದಿ. ನಂತರ ಆ ತಿದ್ದುಪಡಿಯನ್ನೂ ನಮ್ಮ ಸಂವಿಧಾನದ 14ನೇ ವಿಧಿಯನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಕಾನೂನಿನ ಸಮಾನ ರಕ್ಷಣೆ ಎಂಬ ಮಾತು ಎರಡರಲ್ಲೂ ಇದೆ. ರಿಟ್ ಅರ್ಜಿಗಳಲ್ಲಿ ನಾವು ಪದೇ ಪದೇ ಬರೆಯುವ ಮಾತು ಅದೇ ಅಲ್ವಾ?

ಕೊನೆಗೆ ಅವರ ಉಯಿಲು. ಮನೆ ನೋಡಿಕೊಳ್ಳುತ್ತಿದ್ದ ಲಿಡಿಯಾ ಹ್ಯಾಮಿಲ್ಟನ್ ಸ್ಮಿತ್ ಬಗ್ಗೆ ಊಹಾಪೋಹ ಬಹಳ. ಸುಮ್ನೆ ಅದನ್ನು ಬಿಡಿ. ಸ್ವಂತ ಆಸ್ತಿ ಮಾಡಿದ ಆ ಹೆಣ್ಣುಮಗಳಿಗೆ ಉಯಿಲಿನಲ್ಲಿ ಹಣ ಬಿಟ್ಟಿದ್ದರು ಎಂಬುದು ದಾಖಲೆ. ಅದೇ ಉಯಿಲಿನಲ್ಲಿ ಒಂದು ಅನಾಥಾಲಯದ ಮಾತೂ ಇದೆ: ಬಣ್ಣ ನೋಡದೆ ಎಲ್ಲ ಮಕ್ಕಳಿಗೂ ಒಂದೇ ತರಗತಿ, ಒಂದೇ ಮೇಜಿನಲ್ಲಿ ಊಟ. ಪಂಕ್ತಿಭೇದ ಕಂಡ ನಮಗೆ ಆ ಷರತ್ತು ಎಷ್ಟು ದೊಡ್ಡದು ಅಂತ ಬೇಗ ತಿಳಿಯುತ್ತದೆ. ಅದನ್ನು ಹಾಳೆಯ ಎರಡೂ ಕಡೆ ಬರೆದುಕೊಳ್ಳಿ.