ನಿಮ್ಮ ಕೈಯಲ್ಲೇ ರಕ್ತದ ಓಡಾಟ ನೋಡಿ

ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೃದಯದ ಚಿತ್ರ ಬರೆಸುವ ಮೊದಲು ಮಕ್ಕಳ ಹತ್ತಿರ ಪುಸ್ತಕ ಮುಚ್ಚಿಸಿ, ಅಂಗಿ ತೋಳು ಮೇಲೆತ್ತಿಸುತ್ತೇನೆ. ನೀವೂ ಮನೆಯಲ್ಲಿ ಮಾಡಿ ನೋಡಿ.

ಮೊದಲು ನಾಡಿ. ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳು ಬೇಡ, ಅದರದ್ದೇ ಮಿಡಿತ ಸೇರಿ ಲೆಕ್ಕ ತಪ್ಪುತ್ತದೆ. 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಸುಮ್ನೆ ಕೂತ ದೊಡ್ಡವರಿಗೆ ಸಾಮಾನ್ಯವಾಗಿ 60ರಿಂದ 100 ಬರುತ್ತದೆ. ಹೃದಯದ ಎಡಭಾಗ ರಕ್ತವನ್ನು ಮೈಗೆಲ್ಲ ತಳ್ಳಿದಾಗ ಏಳುವ ಒತ್ತಡ ಅದು. ನಿಮಿಷಕ್ಕೆ ಸುಮಾರು 5 ಲೀಟರ್ ಹೊರಡುತ್ತದೆ. ಮೈಯಲ್ಲಿ ಇರುವ ರಕ್ತವೇ ಹೆಚ್ಚುಕಡಿಮೆ ಅಷ್ಟು!

ಇನ್ನು ಉಗುರು ಒತ್ತಿ ಬಿಡಿ. ಬಿಳಿಚಿದ್ದು ಎರಡು ಸೆಕೆಂಡಿನೊಳಗೆ ಕೆಂಪಾದರೆ ಲೋಮನಾಳಗಳು, ಅಂದರೆ ಕೂದಲಿಗಿಂತ ಸಣ್ಣ ರಕ್ತನಾಳಗಳು, ತುಂಬಿಕೊಂಡವು ಅಂತ. ಮಳೆಗಾಲದಲ್ಲಿ ಕೈ ತಣ್ಣಗಿದ್ದರೆ ತಡವಾಗುತ್ತದೆ, ಬೆಚ್ಚಗೆ ಮಾಡಿಕೊಂಡು ನೋಡಿ.

ನನಗೆ ಬಹಳ ಇಷ್ಟವಾದದ್ದು ಮುಂದಿನದು. 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ರಕ್ತ ಸುತ್ತುತ್ತದೆ ಅನ್ನೋದಕ್ಕೆ ಇದನ್ನೂ ಸಾಕ್ಷಿಯಾಗಿ ತೋರಿಸಿದ. ಕೈ ಇಳಿಬಿಟ್ಟು, ಮೊಣಕೈಗಿಂತ ಮೇಲೆ, ತೋಳಿಗೆ ಟವೆಲ್ ಕಟ್ಟಿ. ನಾಡಿ ಸಿಗುತ್ತಲೇ ಇರಬೇಕು, ಅಷ್ಟೇ ಬಿಗಿ ಸಾಕು. ಮುಂಗೈಯ ನೀಲಿ ನರಗಳು (ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳಗಳು) ಉಬ್ಬುತ್ತವೆ, ಅಲ್ಲಲ್ಲಿ ಸಣ್ಣ ಗಂಟು ಕಾಣುತ್ತದೆ. ಅಲ್ಲೇ ಕವಾಟ ಇರೋದು, ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುವ ಬಾಗಿಲು. ಗಂಟಿಗಿಂತ ಕೆಳಗೆ, ಮಣಿಕಟ್ಟಿನ ಕಡೆ, ಒಂದು ಬೆರಳಿಂದ ನರ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿಂದ ಮೇಲಕ್ಕೆ, ಗಂಟು ದಾಟುವ ತನಕ ಸವರಿ ಬಿಡಿ. ಮೇಲಿನ ರಕ್ತ ಗಂಟಿನವರೆಗೆ ಬಂದು ನಿಂತುಬಿಡುತ್ತದೆ. ಕೆಳಗಿನ ತುಂಡು ಚಪ್ಪಟೆ. ಈಗ ಒತ್ತಿದ ಬೆರಳು ತೆಗೆಯಿರಿ, ಕೆಳಗಿಂದ ತಟ್ಟನೆ ತುಂಬುತ್ತದೆ. ತೋಟದ ಕೆಲಸ ಮಾಡುವವರ ಕೈಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಒಂದೆರಡು ನಿಮಿಷಕ್ಕಿಂತ ಜಾಸ್ತಿ ಕಟ್ಟಿಡಬೇಡಿ.

ಕಾಲಿನ ನರಗಳಲ್ಲೂ ಇದೇ ಕವಾಟ. ಹೃದಯ ತಳ್ಳಿದ ಒತ್ತಡ ಲೋಮನಾಳ ದಾಟುವಷ್ಟರಲ್ಲಿ ತುಂಬಾ ಇಳಿದಿರುತ್ತದೆ. ಪಾದದಿಂದ ಮೇಲೆ ಬರಲು ಮೀನಖಂಡ ಹಿಂಡಬೇಕು, ಕವಾಟ ವಾಪಸ್ ಬಿಡಬಾರದು. ಅಡಿಕೆ ಸುಗ್ಗಿಯಲ್ಲಿ ನಮ್ಮತ್ತೆ ರಾತ್ರಿ ತನಕ ಮೆಟ್ಟುಗತ್ತಿ ಮುಂದೆ ಕೂತು ಎದ್ದರೆ ಎರಡೂ ಪಾದ ಊದಿರುತ್ತಿತ್ತು. ಕಾಲು ಆಡದಿದ್ದರೆ ಹಿಂಡುವವರು ಯಾರು? ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಓಡಾಡಿ ಅಂತ ಅವರಿಗೆ ಹೇಳಿದೆ. ಏಳೋಕೆ ಆಗದಿದ್ದರೆ ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿದರೂ ಆಗುತ್ತದೆ.

ಆದರೆ ಒಂದೇ ಕಾಲು ಊದಿ, ನೋವು, ಬಿಸಿ ಇದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಕಾಲಿನ ರಕ್ತ ಹೃದಯದ ಬಲಭಾಗಕ್ಕೆ ಬಂದು ಸೀದಾ ಶ್ವಾಸಕೋಶಕ್ಕೆ ಹೋಗುತ್ತದಲ್ವಾ, ಹೆಪ್ಪು ಕಳಚಿದರೆ ಅದೂ ಅದೇ ದಾರಿ ಹಿಡಿಯುತ್ತದೆ, ಜೀವಕ್ಕೇ ಅಪಾಯ. ಅದೇ ದಿನ ಡಾಕ್ಟರಿಗೆ ತೋರಿಸಿ. ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ.