ಕೀಮೋ ವಾರ್ಡಿಗೆ ಕಾಗದ ಬರೆಯುವಾಗ

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವ ಹೆಂಗಸರಿಗೆ ನಾನು ಕಾಗದ ಬರೆಯುತ್ತೇನೆ. 2016ರಲ್ಲಿ ನನಗೂ ಅದೇ ಕಾಯಿಲೆ ಬಂದಿತ್ತು. ತುಮಕೂರಿನಿಂದ ಬೆಂಗಳೂರಿಗೆ ಓಡಾಡಿ ಕೀಮೋ, ಶಸ್ತ್ರಚಿಕಿತ್ಸೆ, ರೇಡಿಯೇಷನ್ ಮೂರನ್ನೂ ಮುಗಿಸಿದೆ. ನೋಡಲು ಬಂದವರೆಲ್ಲ ಪ್ರೀತಿಯಿಂದಲೇ ‘ಧೈರ್ಯವಾಗಿರು’ ಎನ್ನುತ್ತಿದ್ದರು. ನನಗೆ ಬೇಕಾಗಿದ್ದದ್ದು ಮುಂದಿನ ವಾರ ಹೇಗಿರುತ್ತದೆ ಎಂದು ಹೇಳಬಲ್ಲ ಒಬ್ಬ ಹೆಂಗಸು. ಹಾವೇರಿ ಕಡೆಯ ಅಕ್ಕನೊಬ್ಬರು ಪಕ್ಕದ ಹಾಸಿಗೆಯಿಂದ ಅದನ್ನು ಹೇಳಿದರು: ‘ಕೆಂಪು ಔಷಧ ಏರಿಸಿದ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಗೆ ಹೋಗುತ್ತದೆ. ಅದು ರಕ್ತವಲ್ಲ, ಔಷಧದ ಬಣ್ಣ.’ ಅವರು ಹೇಳಿರದಿದ್ದರೆ ಆ ರಾತ್ರಿ ಮನೆಮಂದಿಯನ್ನೆಲ್ಲ ಎಬ್ಬಿಸಿಬಿಡುತ್ತಿದ್ದೆ. ಭರವಸೆ ಎಂದರೆ ನನ್ನ ಪಾಲಿಗೆ ಅಂಥ ಮಾತು. ನನ್ನ ಕಾಗದಗಳೂ ಆ ಜಾತಿಯವೇ.

ನನಗೆ ಪರಿಚಯವಿರುವ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯೊಬ್ಬರು ಕಾಗದಗಳನ್ನು ತಲುಪಿಸುತ್ತಾರೆ. ಅವರು ಹೆಸರು, ವಿಳಾಸ ಹೇಳುವುದಿಲ್ಲ, ಹೇಳಲೂಬಾರದು. ಚಿಕಿತ್ಸೆ ಯಾವ ಹಂತದಲ್ಲಿದೆ, ಸುಮಾರು ವಯಸ್ಸು, ಯಾವ ಸೀಮೆಯವರು, ಓದಲು ಬರುತ್ತದೆಯೇ ಎಂಬಷ್ಟು ತಿಳಿಸುತ್ತಾರೆ. ನಾನು ಲಕೋಟೆ ಅಂಟಿಸುವುದಿಲ್ಲ; ಅವರು ಓದಿ ನೋಡಿಯೇ ಕೊಡುತ್ತಾರೆ.

ಓದಲು ಬರುತ್ತದೆಯೇ ಎಂಬುದರ ಮೇಲೆ ಇಡೀ ಕಾಗದ ನಿಂತಿದೆ. ಅಮೆರಿಕದಲ್ಲಿ ಗರ್ಲ್ಸ್ ಲವ್ ಮೇಲ್ ಎಂಬ ಸಂಸ್ಥೆ 2011ರಿಂದ ಇಂಥ ಕೈಬರಹದ ಪತ್ರಗಳನ್ನು ಸಂಗ್ರಹಿಸಿ ರೋಗಿಗಳಿಗೆ ಮುಟ್ಟಿಸುತ್ತಿದೆ. ಅಲ್ಲಿ ಪತ್ರ ಬರುವುದು ಒಬ್ಬಳಿಗೆ, ಓದುವವಳೂ ಅವಳೇ. ನಾನು ಬರೆಯುವ ಎಷ್ಟೋ ಹೆಂಗಸರಿಗೆ ಮಗನೋ ಸೊಸೆಯೋ ಗಂಡನೋ ಓದಿ ಹೇಳಬೇಕು. ಮೊದಮೊದಲು ಇದೊಂದು ತೊಡಕು ಎನ್ನಿಸಿತ್ತು. ಈಗ ಅದನ್ನೇ ನೆಚ್ಚಿಕೊಂಡಿದ್ದೇನೆ, ಏಕೆಂದರೆ ಮನೆಯವರಿಗೆ ಅವಳು ತಾನಾಗಿ ಹೇಳಲಾರದ್ದನ್ನು ಅವರ ಬಾಯಿಂದಲೇ ಓದಿಸಬಹುದು. ‘ಇದು ಅಂಟುವ ಕಾಯಿಲೆಯಲ್ಲ. ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಮೊಮ್ಮಕ್ಕಳು ಪಕ್ಕದಲ್ಲಿ ಮಲಗಬಹುದು. ಇದು ಯಾರ ಪಾಪದ ಫಲವೂ ಅಲ್ಲ.’ ಈ ನಾಲ್ಕು ಸಾಲು ಎಲ್ಲ ಕಾಗದದಲ್ಲೂ ಇರುತ್ತವೆ. ಜ್ವರದ ಮಾತನ್ನೂ ಅಲ್ಲಿಯೇ ಸೇರಿಸುತ್ತೇನೆ: ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು, ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಬೇರೆ ಯಾವ ವೈದ್ಯಕೀಯ ಸಲಹೆಯನ್ನೂ ನಾನು ಬರೆಯುವುದಿಲ್ಲ.

ನಾಲ್ವರ ಎದುರು ಓದಬಾರದ ಸಂಗತಿಗಳಿಗೆ ಇನ್ನೊಂದು ಹಾಳೆ. ಸ್ತನ ತೆಗೆದ ಮೇಲೆ ಕುಪ್ಪಸದೊಳಗೆ ಇಟ್ಟುಕೊಳ್ಳಲು ಹತ್ತಿಯದೋ ನೂಲಿನಲ್ಲಿ ಹೆಣೆದದ್ದೋ ಕೃತಕ ಸ್ತನ ಸಿಗುತ್ತದೆ ಎಂಬುದು, ಕೀಮೋದಿಂದ ಮುಟ್ಟು ನಿಲ್ಲಬಹುದೆಂಬುದು, ಕನ್ನಡಿ ನೋಡಲು ನಾನು ತೆಗೆದುಕೊಂಡ ಕಾಲ, ಗಂಡ ಹೆಂಡಿರ ನಡುವಿನ ಮಾತು. ಓದು ಬಾರದವರಿಗೆ ಸಮಾಜ ಕಾರ್ಯಕರ್ತೆಯೇ ಬೇರೆ ಕೂತು ಇದನ್ನು ಓದಿ ಹೇಳುತ್ತಾರೆ.

ಹಳೆಯ ಕ್ರಮದಂತೆ ‘ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ಆರಂಭಿಸುವುದಿಲ್ಲ. ಕ್ಷೇಮ ಕೇಳಿದರೆ ಉತ್ತರಿಸುವ ಹೊರೆ ಅವಳ ಮೇಲೆ ಬೀಳುತ್ತದೆ. ‘ಅಕ್ಕಾ, ಆ ಕುರ್ಚಿಯಲ್ಲಿ ನಾನೂ ಕೂತಿದ್ದೆ’ ಎಂದು ನೇರ ವಿಷಯಕ್ಕೆ ಬರುತ್ತೇನೆ. ಮೊದಲ ಕೀಮೋದವರಾದರೆ ಕೂದಲಿನ ಸಂಗತಿ: ಎರಡು ಮೂರು ವಾರಕ್ಕೆ ದಿಂಬಿನ ಮೇಲೆ ಉದುರತೊಡಗುತ್ತದೆ, ನೆತ್ತಿ ನೋಯುತ್ತದೆ, ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ, ನನಗೆ ಗುಂಗುರಾಗಿ ಬಂತು. ಬಾಯಿ ರುಚಿ ಕೆಟ್ಟು ನೀರೂ ಕಬ್ಬಿಣದ ಹಾಗೆ ಅನ್ನಿಸಿದ್ದನ್ನು, ರಾಗಿ ಗಂಜಿಯೊಂದೇ ಒಳಗೆ ಇಳಿದದ್ದನ್ನು ಬರೆಯುತ್ತೇನೆ. ಆಪರೇಷನ್ ಆದವರಿಗೆ ಗೋಡೆಯ ವಿಚಾರ. ಫಿಸಿಯೋಥೆರಪಿಯವರು ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಏರಿಸುವ ವ್ಯಾಯಾಮ ಹೇಳಿಕೊಡುತ್ತಾರೆ. ನಾನು ಅಡುಗೆಮನೆಯ ಗೋಡೆಗೆ ಪೆನ್ಸಿಲ್ ಗುರುತು ಹಾಕುತ್ತಿದ್ದೆ. ಆ ಗುರುತು ಮೇಲಿನ ಹಲಗೆಯ ಡಬ್ಬಿಯ ಮಟ್ಟಕ್ಕೆ ಬಂದ ದಿನ ನನಗಾದ ಹಿಗ್ಗನ್ನು ಬರೆಯುವಾಗ ಇಂದಿಗೂ ಅಕ್ಷರ ದೊಡ್ಡದಾಗುತ್ತದೆ.

ನಮ್ಮ ದೇಶದಲ್ಲಿ ನಲವತ್ತರ ಆಸುಪಾಸಿನಲ್ಲೇ ಈ ಕಾಯಿಲೆಗೆ ಸಿಕ್ಕುವವರು ಬಹಳ. ಅವರ ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ಅಂಥವರಿಗೆ ಮಕ್ಕಳಿಂದ ಮುಚ್ಚಿಡಬೇಡಿ ಎಂದು ಬರೆಯುತ್ತೇನೆ. ಕೂದಲು ಉದುರುವ ಮುಂಚೆಯೇ ಹೇಳಿದರೆ ಅವು ಅಷ್ಟು ಹೆದರುವುದಿಲ್ಲ.

‘ಖಂಡಿತ ಗುಣವಾಗುತ್ತದೆ’ ಎಂದು ಮಾತ್ರ ಯಾರಿಗೂ ಬರೆಯುವುದಿಲ್ಲ. ಅದು ನನ್ನ ಕೈಯಲ್ಲಿಲ್ಲದ ಮಾತು. ‘ಹೋರಾಡಿ’ ಎಂದೂ ಬರೆಯುವುದಿಲ್ಲ. ರೋಗ ಮರಳಿ ಬಂದವಳು ಹೋರಾಟದಲ್ಲಿ ಕಡಿಮೆ ಬಿದ್ದಳೇ? ಕ್ಯಾನ್ಸರ್ ಮೂಳೆಗೋ ಯಕೃತ್ತಿಗೋ ಹರಡಿದವರಿಗೆ ಬರೆಯುವುದು ಎಲ್ಲಕ್ಕಿಂತ ಕಷ್ಟ. ‘ಇದೆಲ್ಲ ಮುಗಿದ ಮೇಲೆ’ ಎಂಬ ಮಾತು ಅವರ ಕಾಗದದಲ್ಲಿ ಬರಬಾರದು. ಅವರಿಗೆ ಏನು ಇಷ್ಟ ಎಂದು ಮೊದಲೇ ಕೇಳಿ ತಿಳಿದುಕೊಳ್ಳುತ್ತೇನೆ. ಸೇವಂತಿಗೆ ಬೆಳೆಯುತ್ತಿದ್ದವರೊಬ್ಬರಿಗೆ ಒಂದು ಪುಟ ಪೂರ್ತಿ ನಮ್ಮ ಕಡೆಯ ಸೇವಂತಿಗೆಯ ಬಗ್ಗೆ, ಹಬ್ಬದ ಮುಂಚಿನ ಮಾರಿನ ಬೆಲೆಯ ಬಗ್ಗೆ ಬರೆದೆ. ನೋವು ತಡೆದುಕೊಂಡು ಸುಮ್ಮನಿರಬೇಡಿ, ವೈದ್ಯರಿಗೆ ಹೇಳಿ, ಅದಕ್ಕೂ ಔಷಧವಿದೆ ಎಂದು ಕೊನೆಯಲ್ಲಿ ಸೇರಿಸಿದೆ. ಅವರು ಮಗಳ ಕೈಯಲ್ಲಿ ಉತ್ತರ ಬರೆಸಿದ್ದರು. ಕಾಯಿಲೆಯ ಸುದ್ದಿ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಹಳದಿ ಸೇವಂತಿಗೆಗೆ ಬರುವ ಹೇನಿಗೆ ಏನು ಹೊಡೆಯಬೇಕೆಂದು ವಿವರವಾಗಿ ತಿಳಿಸಿದ್ದರು.

ಈಚೆಗೆ ಉರ್ದು, ತೆಲುಗು ಕಾಗದಗಳಿಗೂ ಬೇಡಿಕೆ ಬಂದಿದೆ. ಚಿಕಿತ್ಸೆ ಮುಗಿಸಿದ ಇಬ್ಬರು ಬರೆದುಕೊಡಲು ಒಪ್ಪಿದ್ದಾರೆ.