20 ಟನ್ ಪ್ರೆಸ್ಸಿಗೆ ಎಂಎಸ್ ಪ್ಲೇಟೇ ಸಾಕು, ದಪ್ಪ ಸರಿಯಾಗಿರಲಿ

ಹೈಡ್ರಾಲಿಕ್ ಪ್ರೆಸ್ಸಿನ ಬೆಡ್ ಮೇಲೆ, ಒತ್ತುವ ಕೆಲಸದ ಅಡಿಗೆ ಇಡುವ ಜೋಡಿ ಪ್ಲೇಟೇ ಪ್ರೆಸ್ ಪ್ಲೇಟ್. ಬೆಂಗಳೂರಿನ ಪೀಣ್ಯದ ಕಡೆ ಅದಕ್ಕೆ ಇಎನ್24 (ಗಟ್ಟಿ ಮಿಶ್ರಲೋಹದ ಸ್ಟೀಲ್) ತಗೊಳ್ಳಿ, ಹಾರ್ಡನಿಂಗ್ ಮಾಡಿಸಿ, ಮೇಲೆ ಗ್ರೈಂಡಿಂಗ್ ಹೊಡೆಸಿ ಅನ್ನುತ್ತಾರೆ. ಎಂಎಸ್ (ಮೈಲ್ಡ್ ಸ್ಟೀಲ್) ಹಾಕುತ್ತೇನೆ ಅಂದಾಗ ‘ಹಪ್ಪಳ ಆಗುತ್ತೆ ಸರ್’ ಅಂದವರೇ ಹೆಚ್ಚು. ಆ ಎಂಎಸ್ ಜೋಡಿ ಎರಡು ವರ್ಷದಿಂದ 20 ಟನ್ ಪ್ರೆಸ್ಸಿನ ಬೆಡ್ ಮೇಲಿದೆ. ಟ್ರ್ಯಾಕ್ಟರ್ ಆ್ಯಕ್ಸಲ್ ಬೇರಿಂಗು, ಕಿಂಗ್ ಪಿನ್ನು, ಗೇರ್ ಬಾಕ್ಸ್ ಬುಷ್ಷು ಎಲ್ಲ ಅದರ ಮೇಲೆಯೇ. ಇವತ್ತಿಗೂ ಸ್ಟ್ರೇಟ್ ಎಡ್ಜ್ ಇಟ್ಟರೆ ಬೆಳಕು ನುಸುಳುವುದಿಲ್ಲ.

ಮೊದಲು ಪ್ರೆಸ್ ಜೊತೆ ಬಂದ ಪ್ಲೇಟಿನ ಮಾತು. ಮೇಲೆ ಬಣ್ಣ ಬಳಿದಿದ್ದರಿಂದ ಸ್ಟೀಲ್ ಅಂತಲೇ ಅನ್ನಿಸುತ್ತಿತ್ತು. ಪ್ರೆಷರ್ ಗೇಜ್ ಚದರ ಸೆಂ.ಮೀ.ಗೆ 420 ಕೆಜಿಯ ಹತ್ತಿರ ಇದ್ದಾಗ, ಅಂದರೆ 60 ಎಂಎಂ ಸಿಲಿಂಡರ್ ಬೋರಿಗೆ ಸುಮಾರು 12 ಟನ್ನಿನಲ್ಲಿ, ಒಂದು ಪ್ಲೇಟ್ ವಿ ಗಾಡಿಯ (ಶಾಫ್ಟ್ ಕೂರಲು ಅಂಚಿನಲ್ಲಿ ಕೊರೆದ ವಿ ಆಕಾರದ ಕಚ್ಚಿನ) ಮೂಲೆಯಿಂದ ಎರಡು ಹೋಳಾಯಿತು. ಒಂದು ಹೋಳು ಗೋಡೆಯ ಗಾರೆ ಕಿತ್ತಿತು. ಒಡೆದ ಮುಖ ಬೂದು ಬಣ್ಣ, ಕಾಳು ಕಾಳು: ಅಪ್ಪಟ ಬೀಡು, ಅಂದರೆ ಎರಕದ ಕಬ್ಬಿಣ. ಬೀಡು ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಪ್ಲೇಟಿನ ಅಡಿಮುಖದಲ್ಲಿ ಇರುವುದು ಬರೀ ಎಳೆತ. ಬಾಗಿ ಎಚ್ಚರಿಕೆ ಕೊಡದೆ ನೇರವಾಗಿ ಸಿಡಿಯುತ್ತದೆ. ಹೊಸ ಪ್ರೆಸ್ ತಂದವರು ಪ್ಲೇಟಿನ ಒಂದು ಮೂಲೆಗೆ 5 ಎಂಎಂ ಡ್ರಿಲ್ ಕೊಟ್ಟು ನೋಡಿ. ಸುರುಳಿ ಬಂದರೆ ಸ್ಟೀಲು. ಕಪ್ಪು ಪುಡಿ ಉದುರಿ ಬೆರಳಿಗೆ ಮಸಿ ಹತ್ತಿದರೆ ಅದನ್ನು ಗುಜರಿಗೆ ಹಾಕಿ, ಬಾಗಿಲು ತಡೆಯಲೂ ಇಟ್ಟುಕೊಳ್ಳಬೇಡಿ. ಯಾರಾದರೂ ಮತ್ತೆ ಪ್ರೆಸ್ ಮೇಲೆ ಇಟ್ಟುಬಿಡುತ್ತಾರೆ.

ಆಮೇಲೆ 25 ಎಂಎಂ ಎಂಎಸ್. ಅದು ಬಾಗಿತು. 17–18 ಟನ್ನಿಗೆ ಒಂದೂವರೆ ಎಂಎಂ ಹೊಟ್ಟೆ ಬಂದು ಹಾಗೇ ನಿಂತಿತು. ಹಪ್ಪಳದ ಮಾತು ಹುಟ್ಟಿದ್ದು ಇಲ್ಲಿಂದಲೇ. ಆದರೆ ತಪ್ಪು ಎಂಎಸ್ಸಿನದಲ್ಲ, ದಪ್ಪದ್ದು. ಲೆಕ್ಕ ಸುಲಭ: ಭಾರದ ಒಂದೂವರೆ ಪಟ್ಟನ್ನು ಬೆಡ್ಡಿನ ಒಳಅಂತರದಿಂದ ಗುಣಿಸಿ, ಪ್ಲೇಟಿನ ಅಗಲ ಮತ್ತು ದಪ್ಪದ ವರ್ಗದಿಂದ ಭಾಗಿಸಬೇಕು. ನನ್ನ ಬೆಡ್ಡಿನ ಎರಡು ಚಾನಲ್ ನಡುವೆ 110 ಎಂಎಂ. 20 ಟನ್ ಅಂದರೆ ಹೆಚ್ಚುಕಡಿಮೆ 2 ಲಕ್ಷ ನ್ಯೂಟನ್, ಒಂದೊಂದು ಪ್ಲೇಟಿಗೆ 1 ಲಕ್ಷ. ಪ್ಲೇಟ್ 150 ಅಗಲ ಇದ್ದರೂ ಭಾರ ಒಳ ಅಂಚಿನಲ್ಲೇ ಕೂರುವುದರಿಂದ ಅರ್ಧ ಅಗಲ, 75 ಮಾತ್ರ ಹಿಡಿಯಿರಿ. 25 ದಪ್ಪಕ್ಕೆ ಚದರ ಎಂಎಂಗೆ 350 ನ್ಯೂಟನ್ ಬರುತ್ತದೆ. ಐಎಸ್ 2062 ಮಾನದಂಡದ ಇ250 ದರ್ಜೆಯ ಎಂಎಸ್ ಪ್ಲೇಟ್ 20ರಿಂದ 40 ದಪ್ಪದಲ್ಲಿ ತಡೆಯುವುದು 240, ಬಾಗದೆ ಇನ್ನೇನು? 40 ದಪ್ಪಕ್ಕೆ ಅದೇ ಲೆಕ್ಕ 140ರ ಆಸುಪಾಸಿಗೆ ಇಳಿಯುತ್ತದೆ.

ಇಎನ್24 ಬಾಗುವುದೇ ಇಲ್ಲ ಅನ್ನುವವರಿಗೆ ಒಂದು ಮಾತು. ಅದೇ ದಪ್ಪ, ಅದೇ ಭಾರಕ್ಕೆ ಇಎನ್24 ಕೂಡ ಎಂಎಸ್ಸಿನಷ್ಟೇ ಬಗ್ಗುತ್ತದೆ. ವ್ಯತ್ಯಾಸ ಇರುವುದು ಎಷ್ಟು ಭಾರದವರೆಗೆ ವಾಪಸ್ ಬರುತ್ತದೆ ಅನ್ನುವುದರಲ್ಲಿ ಮಾತ್ರ. ಬೇರಿಂಗ್ ವಾಲಬಾರದು ಅಂದರೆ ಬೇಕಾದದ್ದು ದಪ್ಪ.

ನಡುವೆ ಅಡ್ಡದಾರಿಗಳನ್ನೂ ಹಿಡಿದು ನೋಡಿದ್ದಾಯಿತು. ಲಾರಿಯ ಲೀಫ್ ಪಟ್ಟಿ ನಾಲ್ಕು ಪೇರಿಸಿ ಇಟ್ಟರೆ ಮುರಿಯಲಿಲ್ಲ, ಆದರೆ ಒಂದರ ಮೇಲೊಂದು ಜಾರಿ, ಭಾರ ಬಿಟ್ಟ ಕೂಡಲೇ ಚಿಮ್ಮಿತು. ಎರಡು 20 ಎಂಎಂ ಪ್ಲೇಟ್ ಪೇರಿಸಿದರೆ ಒಂದು 40 ಆಗುವುದಿಲ್ಲ. ಬಲ ಅರ್ಧ, ಬಿಗಿ ಕಾಲು ಭಾಗ. ಸುತ್ತ ವೆಲ್ಡ್ ಹೊಡೆದರೆ ವೆಲ್ಡಿನ ಎಳೆತಕ್ಕೇ ಪ್ಲೇಟ್ ದೋಣಿಯಾಯಿತು, ಮಿಲ್ಲಿಂಗ್ ಖರ್ಚು ದಂಡ. ಇಎನ್8 (ಎಂಎಸ್ಸಿಗಿಂತ ಕಾರ್ಬನ್ ಹೆಚ್ಚಿರುವ ಸ್ಟೀಲ್) ತುಂಡಿಗೆ ಗ್ಯಾಸ್ ಕಟಿಂಗ್ ಮಾಡಿಸಿದ್ದು ಎಲ್ಲಕ್ಕಿಂತ ಕೆಟ್ಟ ಖರ್ಚು. ಕತ್ತರಿಸಿದ ಅಂಚು ಪಕ್ಕದ ತಣ್ಣನೆ ಲೋಹಕ್ಕೇ ಬೇಗ ಆರಿ ಹಾರ್ಡ್ ಆಗಿ ಎರಡು ಎಚ್‌ಎಸ್‌ಎಸ್ ಕಟರ್ ತಿಂದಿತು. ಮೊದಲೇ ಬಿಸಿ ಮಾಡಿ ಕತ್ತರಿಸಬೇಕಿತ್ತು, ಇಲ್ಲವೇ ಅಂಚನ್ನು ಮೂರು ಎಂಎಂ ಗ್ರೈಂಡರಿನಲ್ಲಿ ತೆಗೆಯಬೇಕಿತ್ತು.

ಕೊನೆಗೆ ನಿಂತದ್ದು 260 ಉದ್ದ, 150 ಅಗಲ, 40 ದಪ್ಪ, ಎರಡು ತುಂಡು. ಒಂದೊಂದು 12 ಕೆಜಿ ಚಿಲ್ಲರೆ. ಪ್ರೊಫೈಲ್ ಕಟಿಂಗ್ ಅಂಗಡಿಯಲ್ಲಿ ಉಳಿಕೆ ತುಂಡಿಗೆ ಕೆಜಿಗೆ 70–75 ರೂಪಾಯಿ ಕೊಟ್ಟ ನೆನಪು. ಮಾಲು 1,800, ಮಿಲ್ಲಿಂಗ್ 1,200, ಡ್ರಿಲ್ ಮತ್ತು ಚಿಲ್ಲರೆ ಕೆಲಸ 500–600. ಒಟ್ಟು ಮೂರೂವರೆ ಸಾವಿರದ ಆಸುಪಾಸು. ಇಎನ್24 ಜೋಡಿಗೆ, ಹಾರ್ಡನಿಂಗ್ ಸೇರಿ, ಕೇಳಿದ್ದು ಒಂಬತ್ತು ಸಾವಿರದ ಮೇಲೆ.

ಗಾಡಿ ಎಲ್ಲಿ ಕೊಡುತ್ತೀರಿ ಅನ್ನುವುದು ಮುಖ್ಯ. ಉದ್ದದ ಬದಿಗೆ 50 ಆಳದ ಗಾಡಿ ತೆಗೆದರೆ 150ರಲ್ಲಿ ಉಳಿಯುವುದು 100. ಅದೇ ಗಾಡಿ ಗಿಡ್ಡ ಬದಿಯಲ್ಲಿದ್ದರೆ 260ರಲ್ಲಿ 210 ಉಳಿಯುತ್ತದೆ, ಪ್ಲೇಟ್ ತಿರುಗಿಸಿ ಇಟ್ಟರಾಯಿತು. ಹಾಗಾಗಿ ಯು ಗಾಡಿಗಳೆಲ್ಲ ಗಿಡ್ಡ ಬದಿಗೆ: ಒಂದು ಪ್ಲೇಟಿನಲ್ಲಿ 32 ಮತ್ತು 45 ಅಗಲದ್ದು, ಇನ್ನೊಂದರಲ್ಲಿ 38 ಮತ್ತು 55. ಒಂದೇ ಗಾಡಿಯಲ್ಲಿ, ಅಂದರೆ ಒಂದೇ ಪ್ಲೇಟಿನ ಮೇಲೆ ಕೆಲಸ ಮಾಡುವಾಗ 15 ಟನ್ ದಾಟಿಸುವುದಿಲ್ಲ. ಉದ್ದದ ಬದಿಗೆ ಶಾಫ್ಟ್ ಕೂರಲು 12 ಆಳದ ವಿ ಮಾತ್ರ. ಯು ಗಾಡಿಯ ತುದಿಗೆ ಅಷ್ಟೇ ಅಗಲದ ಡ್ರಿಲ್ ಮೊದಲು ಹೊಡೆದು ಆಮೇಲೆ ಎರಡು ಬದಿ ಕತ್ತರಿಸಬೇಕು. ವಿ ತಳದಲ್ಲೂ 6 ಎಂಎಂ ಡ್ರಿಲ್ ಇರಲಿ. ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರು. ಬೀಡು ಪ್ಲೇಟ್ ಒಡೆದದ್ದೂ ಅಲ್ಲೇ.

ಮಿಲ್ಲಿಂಗಿಗೆ ಎರಡನ್ನೂ ಒಟ್ಟಿಗೆ ಕೂರಿಸಿ ಒಂದೇ ಸೆಟ್ಟಿಂಗಿನಲ್ಲಿ ಮುಖ ತೆಗೆಸಿ. ದಪ್ಪ 40 ಇರಲಿ 38.5 ಇರಲಿ, ಜೋಡಿಯ ನಡುವೆ 0.05ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ಬೇರಿಂಗ್ ಓರೆಯಾಗಿ ಕೂತು ಹೌಸಿಂಗ್ ಕೆರೆಯುತ್ತದೆ. ಗ್ಯಾಸ್ ಕಟಿಂಗಿನ ಬಿಸಿಗೆ ಬಂದ ತಿರುಚನ್ನು ಮಿಲ್ಲಿಂಗಿಗೆ ಮುಂಚೆ ಬಿಸಿ ಕೊಟ್ಟು ಅದೇ ಪ್ರೆಸ್ಸಿನಲ್ಲಿ ನೇರ ಮಾಡಿದೆ. ಎಲ್ಲೆಲ್ಲಿ ಬಿಸಿ ಕೊಟ್ಟೆ, ಯಾವ ಕ್ರಮದಲ್ಲಿ ಅನ್ನುವುದು ನನ್ನ ಹತ್ತಿರವೇ ಇರಲಿ. ಅಂಚಿಗೆಲ್ಲ 3 ಎಂಎಂ ಚಾಂಫರ್ (ಓರೆ ಕಡಿತ). ಎತ್ತಲು ಉದ್ದದ ಬದಿಯ ನಟ್ಟನಡುವೆ, ದಪ್ಪದ ಮಧ್ಯಕ್ಕೆ ಎಂ10 ಟ್ಯಾಪ್ ಹೊಡೆದು ಐ ಬೋಲ್ಟ್. ಅಲ್ಲಿ ಎಳೆತವೂ ಇಲ್ಲ, ಒತ್ತಡವೂ ಇಲ್ಲ.

ಎಂಎಸ್ಸಿಗೆ ಒಂದು ಕೊರತೆ ನಿಜ: ಸಣ್ಣ ಪಿನ್ ಒತ್ತಿದರೆ ಕುಳಿ ಬೀಳುತ್ತದೆ. ಅದಕ್ಕೆ ಟಿ ಕಂಡೀಷನ್ನಿನ (ಹಾರ್ಡ್ ಮತ್ತು ಟೆಂಪರ್ ಆಗಿಯೇ ಬರುವ), ಮತ್ತೆ ಹಾರ್ಡ್ ಮಾಡಿಸದ ಇಎನ್24 ಬಿಲ್ಲೆ, 12 ದಪ್ಪ, 70ಕ್ಕೆ 70, ಪ್ಲೇಟಿನ ಮೇಲೆ ಪೂರ್ತಿ ಕೂರುವ ಹಾಗೆ ಇಟ್ಟರೆ ಮುಗಿಯಿತು. ಬಿಲ್ಲೆ ಬಾಗಬೇಕಾಗಿಲ್ಲ, ಬರೀ ಒತ್ತಡ ತಿನ್ನುತ್ತದೆ. ನಾಲ್ಕು ಬಿಲ್ಲೆಗೆ 300 ರೂಪಾಯಿ ಚಿಲ್ಲರೆ ಆಗಿತ್ತು.

ಪೂರ್ತಿ 20 ಟನ್, ಗೇಜಿನಲ್ಲಿ 700 ದಾಟಿಸಿ, ಅಡಿಯಲ್ಲಿ ಬಾಗು ಅಳೆಯುವ ಡಯಲ್ ಇಟ್ಟು ನೋಡಿದಾಗ ಮುಳ್ಳು 0.06 ಎಂಎಂ ಸರಿದು, ಭಾರ ಬಿಟ್ಟಾಗ ಸೊನ್ನೆಗೆ ಬಂತು. ಹಪ್ಪಳ ಅಂದವರಲ್ಲಿ ಇಬ್ಬರು ಅಳತೆ ಬರೆದುಕೊಂಡು ಹೋದರು.

50 ಟನ್ನಿನವರು ಇದೇ ಅಳತೆ ಹಿಡಿಯಬೇಡಿ. 150 ಅಂತರದ ಬೆಡ್ಡಿಗೆ 200 ಅಗಲದ ಪ್ಲೇಟ್ ಹಾಕಿದರೂ 63 ಎಂಎಂ ದಪ್ಪ ಬೇಕು. 350 ಉದ್ದ ಇಟ್ಟರೆ ಒಂದೊಂದು 34–35 ಕೆಜಿ, ಚೈನ್ ಬ್ಲಾಕ್ ಕಟ್ಟಿಕೊಂಡೇ ಎತ್ತಿ.